ಇವತ್ತಿನ ಪಾಸ್‌ವರ್ಡ್ ಏನು, ಆಂಟಿ?

ಬರೆಯಲು ಕೂತು ಐದು ನಿಮಿಷವಾಗಿಲ್ಲ, ಮತ್ತೆ ಬೆಲ್. ಬೆಳಗ್ಗಿನಿಂದ ಇದು ನಾಲ್ಕನೆಯ ಸಲ. ಮೊದಲು ಇಸ್ತ್ರಿಯವ, ಆಮೇಲೆ ಕೊತ್ತಂಬರಿ ಸೊಪ್ಪು ಉಂಟಾ ಎಂದು ಎದುರು ಮನೆಯಾಕೆ, ಆಮೇಲೆ ನೀರಿನ ಟ್ಯಾಂಕಿ ತೊಳೆಯುತ್ತಾರೆ ಬಕೆಟ್ ತುಂಬಿಸಿಕೊಳ್ಳಿ ಎಂದು ವಾಚ್‌ಮನ್. ಈಗ ಯಾರೆಂದು ನೋಡಿದರೆ ನಮ್ಮವರು. ಬಾಗಿಲು ತೆಗೆಯಲು ಅವರ ಹತ್ತಿರ ಚಾವಿ ಉಂಟು. ಆದರೆ ಹೆಂಡತಿ ಮನೆಯಲ್ಲಿದ್ದಾಳೆಂದರೆ ಚಾವಿ ಜೇಬಿನಿಂದ ತೆಗೆಯುವ ಕಷ್ಟ ಯಾಕೆ?

"ಏನು ಬರೀತಿದ್ದೀ?"

"ಕಂಪ್ಯೂಟರ್ ರೂಮಿನ ಕತೆ."

"ಹಾಗಾದರೆ ಮೊದಲು ಚಾ ಮಾಡು. ಅದು ಇವತ್ತು ಮುಗಿಯುವುದಿಲ್ಲ."

ಚಾ ಮಾಡಿಕೊಟ್ಟು ಬಂದು ಕೂತಿದ್ದೇನೆ. ಹೌದು, ಆ ಒಂದು ವರ್ಷ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ದಿನಕ್ಕೊಂದು ಪ್ರಸಂಗ ನಡೆಯುತ್ತಿತ್ತು. ಎಲ್ಲವನ್ನೂ ಬರೆದರೆ ನಿಜವಾಗಿಯೂ ಮುಗಿಯುವುದಿಲ್ಲ. ಬೆಲ್ ಆಗುವುದರೊಳಗೆ ಆದಷ್ಟು ಬರೆಯುತ್ತೇನೆ.

೧. ಹತ್ತನೇ ಕ್ಲಾಸು

ನಮ್ಮದು ಎ ವಿಂಗ್, ಬಿ ವಿಂಗ್ ಎಂದು ಎರಡು ಭಾಗದ, ನಾಲ್ಕು ಮಾಳಿಗೆಯ, ಲಿಫ್ಟ್ ಇಲ್ಲದ ಕಟ್ಟಡ. ಬಿ ವಿಂಗಿನ ಒಬ್ಬರು ನವಿ ಮುಂಬಯಿಯ ಯಾವುದೋ ಆಫೀಸಿನಲ್ಲಿದ್ದರು. ಅಲ್ಲಿ ಹಳೆಯ ಕಂಪ್ಯೂಟರ್ ತೆಗೆದು ಹೊಸದು ಹಾಕಿದಾಗ, ಕಟ್ಟಡದ ಮಕ್ಕಳಿಗಾಗಲಿ ಎಂದು ಮೂರನ್ನು ಕೇಳಿ ಟೆಂಪೋದಲ್ಲಿ ತಂದರು. ಕೆಳಗೆ ಮೀಟರ್ ರೂಮಿನ ಪಕ್ಕ ಒಂದು ಕೋಣೆ ಇತ್ತು. ಗಣಪತಿ ಹಬ್ಬದ ಥರ್ಮಾಕೋಲ್ ಮಂಟಪವನ್ನು ಹನ್ನೊಂದು ತಿಂಗಳು ಅಲ್ಲಿ ತುಂಬಿಡುತ್ತಿದ್ದರು. ಮಂಟಪ ಹೊರಗೆ, ಕಂಪ್ಯೂಟರ್ ಒಳಗೆ ಎಂದು ಕಟ್ಟಡದ ಸೊಸೈಟಿಯ ಸಭೆಯಲ್ಲಿ ಮಾತಾಯಿತು.

ನಮ್ಮ ಸೆಕ್ರೆಟರಿ ಮರಾಠಿಯವರು, ನಿವೃತ್ತರು, ಇಡೀ ಕಟ್ಟಡಕ್ಕೆ ಕಾಕಾ. ಅವರಿಗೆ ಮಂಟಪದ ಮೇಲೆ ಪ್ರೀತಿ, ಕಂಪ್ಯೂಟರ್ ಮೇಲೆ ಸಂಶಯ. "ಮಕ್ಕಳು ಹಾಳಾಗುತ್ತಾರೆ. ದಿನಾ ಸಂಜೆ ಐದರಿಂದ ಏಳರವರೆಗೆ ಯಾರಾದರೂ ದೊಡ್ಡವರು ಕೂರುವುದಾದರೆ ಮಾತ್ರ" ಎಂದರು.

ಎಂಜಿನಿಯರ್ ಒಬ್ಬರಿಗೆ ಏಳೂವರೆಗೆ ಲೋಕಲ್ ರೈಲು ಮುಟ್ಟುವುದು. ಬಿ.ಎ. ಆದ ಒಬ್ಬರಿಗೆ ಆ ಹೊತ್ತಿಗೇ ಸೀರಿಯಲ್. ಎಂ.ಎ. ಆದವರಿಗೆ ಮಂಡಿನೋವು. ನಾನು ಕೈ ಎತ್ತಿದೆ.

"ನಿಮ್ಮ ಶಿಕ್ಷಣ?" ಕಾಕಾ ಕೇಳಿದರು.

"ದಸವೀ."

"ಬಸ್? ಅಷ್ಟೇನಾ?"

"ಬಸ್ ನಹೀ ಕಾಕಾ, ಪಾಸ್."

ಸಭೆ ನಕ್ಕಿತು. ಕಾಕಾ ನಗಲಿಲ್ಲ. ಬೀಗದ ಕೈ ಕೊಡುವಾಗ ಎಲ್ಲರ ಮುಂದೆ ಹೇಳಿದರು: "ಒಂದು ವರ್ಷ. ಬರುವ ವಾರ್ಷಿಕ ಸಭೆಯಲ್ಲಿ ಮಕ್ಕಳು ಏನು ಕಲಿತರೆಂದು ತೋರಿಸಬೇಕು. ಇಲ್ಲವಾದರೆ ಬೀಗ. ಮಂಟಪ ಮತ್ತೆ ಒಳಗೆ."

ಹದಿನೆಂಟಕ್ಕೆ ಮದುವೆ, ಹತ್ತೊಂಬತ್ತಕ್ಕೆ ಉಡುಪಿ ಕಡೆಯಿಂದ ಡೊಂಬಿವಲಿ, ಇಪ್ಪತ್ತಕ್ಕೆ ಮಗಳು. ಮನೆಗೆ ಬಂದು ಆ ಬೀಗದ ಕೈಯನ್ನು ನಮ್ಮವರಿಗೆ ತೋರಿಸಿ, "ನೋಡಿ, ನನ್ನ ಹೆಸರಿನಲ್ಲಿ ಸಿಕ್ಕಿದ ಮೊದಲನೆಯ ವಸ್ತು" ಎಂದೆ.

ಅವರು ಅಡುಗೆಮನೆ ಕಡೆ ಕೈ ತೋರಿಸಿ, "ಗ್ಯಾಸ್ ಕನೆಕ್ಷನ್ ನಿನ್ನ ಹೆಸರಲ್ಲೇ ಉಂಟಲ್ಲ ಮಾರಾಯ್ತಿ!" ಎಂದರು.

೨. ಎಪ್ಪತ್ತೆರಡು

ಮೊದಲ ವಾರ ಒಂಬತ್ತು ಮಕ್ಕಳು ಮೂರು ಪರದೆಗೆ ಅಂಟಿಕೊಂಡು ಕಾರು ಓಡಿಸಿದರು. ಕರೆದರೆ ಕಿವಿ ಇಲ್ಲ, ಬೈದರೆ ಬೆನ್ನೇ ಉತ್ತರ. ಕಾಕಾ ಕಿಟಕಿಯಿಂದ ಇಣುಕಿ, "ನೋಡಿ, ಗೊಂಬೆ ಹಾಗೆ ಕೂತಿವೆ. ನಾನು ಹೇಳಿರಲಿಲ್ಲವಾ?" ಎಂದು ಹೋದರು.

ನನಗೆ ಸಿಟ್ಟು ಬಂತು. ಸಿಟ್ಟು ಕಾಕಾನ ಮೇಲೆ, ಯಾಕೆಂದರೆ ಅವರು ಹೇಳಿದ್ದು ನಿಜ. ಆ ರಾತ್ರಿ ಹನ್ನೊಂದು ವರ್ಷದ ಮಗಳನ್ನು ಕೂರಿಸಿಕೊಂಡು ಕೇಳಿದೆ: "ಈ ಪಾಸ್‌ವರ್ಡ್ ಎಂಬುದನ್ನು ಬದಲಿಸುವುದು ಹೇಗೆ?" ಅವಳು ತೋರಿಸಿಕೊಟ್ಟಳು. ಗುಟ್ಟಿನ ಪದ ಹಾಕಬೇಕು, ಜೊತೆಗೆ ಒಂದು ಸುಳಿವನ್ನೂ ಬರೆದಿಡಬಹುದು. ತಪ್ಪು ಪದ ಹೊಡೆದರೆ ಕೆಳಗೆ ಆ ಸುಳಿವು ಕಾಣುತ್ತದೆ.

ಮರುದಿನ ಮಕ್ಕಳು ಬಂದರು. ಮೂರೂ ಪರದೆಯ ಮೇಲೆ ಒಂದೇ ಸುಳಿವು: "ಎ ವಿಂಗಿಗೆ ಎಷ್ಟು ಮೆಟ್ಟಿಲು?"

ಒಂಬತ್ತೂ ಓಡಿದವು. ಒಬ್ಬ ಎಪ್ಪತ್ತು ಎಂದ, ಒಬ್ಬಳು ಎಪ್ಪತ್ತನಾಲ್ಕು ಎಂದಳು, ಎರಡೆರಡು ಮೆಟ್ಟಿಲು ಹಾರಿದವನು ಮೂವತ್ತಾರು ಎಂದ. ಮತ್ತೆ ಹತ್ತಿದರು, ಮತ್ತೆ ಇಳಿದರು. ನಾಲ್ಕನೆಯ ಸಲಕ್ಕೆ ಎಪ್ಪತ್ತೆರಡು ಸಿಕ್ಕಿತು.

"ಆಂಟಿ, ಆಪ್ ನೇ ಸಚ್ ಮೇ ಗಿನಾ ಥಾ?" ಏದುಸಿರು ಬಿಡುತ್ತ ಒಬ್ಬ ಕೇಳಿದ, ನೀವು ನಿಜವಾಗಿ ಎಣಿಸಿದ್ದಿರಾ ಎಂದು.

"ಎಂಟು ತಿಂಗಳ ಬಸುರಿಯಾಗಿ ತರಕಾರಿ ಚೀಲ ಹಿಡಿದು ಎಣಿಸಿದ್ದು. ಆ ಲೆಕ್ಕ ತಪ್ಪುವುದಿಲ್ಲ."

ಕಾಕಾ ಬಾಗಿಲಿಗೆ ಬಂದರು. "ಇದೇನು ಗದ್ದಲ? ಮಕ್ಕಳು ಕುದುರೆಯ ಹಾಗೆ ಓಡುತ್ತಿದ್ದಾರೆ!"

"ಕಾಕಾ, ಕೂತರೆ ಗೊಂಬೆ ಎನ್ನುತ್ತೀರಿ, ಓಡಿದರೆ ಕುದುರೆ ಎನ್ನುತ್ತೀರಿ. ಗೊಂಬೆಗಳನ್ನೂ ಕುದುರೆಗಳನ್ನೂ ನಿಮ್ಮ ಮಂಟಪದ ಜೊತೆಗೇ ಕಟ್ಟಿಡಲಾ?"

೩. ಚಾಳಿ

ನಮ್ಮ ಸಮಿತಿಯಲ್ಲಿ ಊರಿನ ಕಡೆಯ ಹಿರಿಯರೊಬ್ಬರಿದ್ದರು. ಕಲ್ಯಾಣದಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವರು. ನಾವೆಲ್ಲ ಹೋಟೆಲ್ ಅಣ್ಣ ಎನ್ನುತ್ತೇವೆ. ಅವರ ಹಿಂದಿಯಲ್ಲಿ ಅರ್ಧ ಕನ್ನಡ, ಉಳಿದರ್ಧ ಊಹೆ.

ಅವರ ಮೊಮ್ಮಗ ಊಟದ ಹೊತ್ತಿಗೂ ಪಾಸ್‌ವರ್ಡ್ ಎಂದು ಓಡುತ್ತಾನೆಂಬ ಸಿಟ್ಟಿನಲ್ಲಿ, ಸಮಿತಿಯ ಸಭೆಯಲ್ಲಿ ಎದ್ದುನಿಂತು ಗುಡುಗಿದರು: "ಬಚ್ಚಾ ಲೋಗ್ ಕೋ ಕಂಪ್ಯೂಟರ್ ಕಾ ಚಾಳಿ ಲಗಾ ಹೈ! ಯೇ ಚಾಳಿ ತೋಡ್ನಾ ಪಡೇಗಾ!"

ಚಾಳಿ ಎಂದರೆ ಕೆಟ್ಟ ಅಭ್ಯಾಸ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಮರಾಠಿಯವರ ಕಿವಿಗೆ ಚಾಳಿ ಎಂದರೆ ಚಾಳುಗಳು, ಅಂದರೆ ಒಂದು ಕೋಣೆಯ ಮನೆಗಳ ಸಾಲು. ಕಾಕಾ ಕುರ್ಚಿಯಿಂದ ಅರ್ಧ ಎದ್ದರು.

"ಯಾವ ಚಾಳ್? ಒಡೆಯುವುದೆಂದರೇನು? ಮಹಾನಗರಪಾಲಿಕೆಯ ಪರವಾನಗಿ ಬೇಕು!"

"ಪರವಾನಗಿ ಕಾಯಕೋ? ಮೇರಾ ಪೋತಾ ಹೈ, ಮೈ ತೋಡೇಗಾ!"

"ನಿಮ್ಮ ಮೊಮ್ಮಗ ಚಾಳ್ ಕಟ್ಟಿದ್ದಾನಾ? ಎಲ್ಲಿ? ಟೆರೇಸಿನ ಮೇಲಾ?"

ನಾನು ಎರಡೂ ಭಾಷೆ ಬಲ್ಲವಳು. ಬಾಯಿ ತೆರೆದರೆ ಜಗಳ ನಿಲ್ಲುತ್ತಿತ್ತು. ನಿಂತರೆ ಮುಂದಿನ ವಿಷಯ ನನ್ನ ಕೋಣೆ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿ ಕೂತೆ. ಸಭೆ ಒಂದೂವರೆ ಗಂಟೆ ನಡೆಯಿತು. ಕೊನೆಗೆ ಇಡೀ ಸಮಿತಿ ಟಾರ್ಚ್ ಹಿಡಿದು, ಕಟ್ಟದೇ ಇದ್ದ ಚಾಳನ್ನು ಹುಡುಕಲು ಟೆರೇಸಿಗೆ ಹತ್ತಿತು. ಹೋಟೆಲ್ ಅಣ್ಣ ಎಲ್ಲರಿಗಿಂತ ಮುಂದೆ.

೪. ಎಂತ ಸಾವು

ಮೆಟ್ಟಿಲು ಮುಗಿದ ಮೇಲೆ ಮನುಷ್ಯರ ಸರದಿ. ಬಿ ವಿಂಗಿನ ಮೂರನೆಯ ಮಾಳಿಗೆಯಲ್ಲಿ ಒಬ್ಬ ಅಜ್ಜಿ. ಮಗ ಸೊಸೆ ಬೆಳಗ್ಗಿನ ಲೋಕಲ್ ಹಿಡಿದರೆ ಅಜ್ಜಿಗೆ ಸಂಜೆಯವರೆಗೆ ಟಿ.ವಿ.ಯೇ ಗತಿ. ಒಂದು ದಿನ ಅವರ ಹತ್ತಿರ ಮೊದಲೇ ಕೇಳಿಟ್ಟುಕೊಂಡು ಸುಳಿವು ಹಾಕಿದೆ: "ಮೂರನೆಯ ಮಾಳಿಗೆಯ ಅಜ್ಜಿ ಬೆಳಿಗ್ಗೆ ಏನು ತಿಂದರು?"

ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಹೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಉಳಿದ ಮಕ್ಕಳಿಗೆ ತಿಳಿಯುವುದೂ ಇಲ್ಲ. ಅಜ್ಜಿ ಬಾಗಿಲು ತೆರೆದದ್ದೇ ಆರು ಮಕ್ಕಳು ಒಟ್ಟಿಗೆ, "ನಾಷ್ಟಾ ಕ್ಯಾ ಖಾಯಾ?" ಎಂದು ಕಿರುಚಿದವು. ಅಜ್ಜಿ ಬೆಚ್ಚಿಬಿದ್ದು ಅಂದರು: "ಎಂತ ಸಾವು ಮಾರಾಯಾ ಇದು!"

ಕೆಳಗೆ ಬಂದು ಒಬ್ಬ ಹೊಡೆದ: ಎಂತಸಾವು. ತೆರೆಯಲಿಲ್ಲ. ಕಂಪ್ಯೂಟರೇ ಕೆಟ್ಟಿದೆ, ಅಜ್ಜಿ ತಿಂದದ್ದು ಇದನ್ನೇ ಎಂದು ಜಗಳಕ್ಕೆ ಬಂದ. "ಆಂಟಿ, ಕಂಪ್ಯೂಟರ್ ಬಿಗಡ್ ಗಯಾ. ಅಜ್ಜೀ ನೇ ಎಂತಸಾವು ಖಾಯಾ. ಮಾರಾಯಾ ಕೇ ಸಾಥ್."

ಆ ದಿನವೇ ಒಂದು ನಿಯಮ ಮಾಡಿದೆ. ಹೋದವರು ಎರಡು ನಿಮಿಷ ಕೂತು ಮಾತಾಡಿ ಕೇಳಬೇಕು. ಉತ್ತರ ಯಾರದೋ ಅವರನ್ನೇ ಕೇಳಬೇಕು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು, ತಮ್ಮ ತಲೆಯಿಂದ ಏನೂ ಸೇರಿಸಬಾರದು. ಉತ್ತರ ಸಿಕ್ಕಿದವರು ಬೇರೆಯವರಿಗೆ ಹೇಳಬಾರದು. ಈ ನಿಯಮ ಮುಂದೆ ನನ್ನ ಕುತ್ತಿಗೆಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಅಜ್ಜಿಗೆ ಇದು ಎಷ್ಟು ಹಿಡಿಸಿತೆಂದರೆ, ಒಳ್ಳೆಯ ಪಾಸ್‌ವರ್ಡ್ ಆಗಲಿ ಎಂದೇ ಒಂದು ದಿನ ನೀರುದೋಸೆ, ಒಂದು ದಿನ ಅಕ್ಕಿತರಿಯ ಪುಂಡಿ ಮಾಡತೊಡಗಿದರು. ತಿಂಗಳಾದ ಮೇಲೆ ಅವರ ಸೊಸೆ ನನ್ನ ಬಾಗಿಲಿಗೆ ಬಂದಳು.

"ಅಕ್ಕ, ನಿಮ್ಮಿಂದ ಮನೆಯಲ್ಲಿ ರಾಮಾಯಣ. ಅತ್ತೆಗೆ ಸಕ್ಕರೆ ಕಾಯಿಲೆ. ನಿನ್ನೆ ಡಾಕ್ಟರು ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರೆ ಹೇಳುವುದೇ ಇಲ್ಲ."

"ಯಾಕಂತೆ?"

"'ಅದು ಪಾಸ್‌ವರ್ಡ್, ಹೊರಗೆ ಹೇಳಬಾರದು' ಅಂತೆ!"

೫. ಬಿಟ್ಟುಹೋದ ಪಾಠ

ಶನಿವಾರ ಹುಡುಗಿಯರಿಗೆ ಮಾತ್ರ ಒಂದು ಗಂಟೆ ಎಂದು ಇಟ್ಟಿದ್ದೆ. ಹನ್ನೆರಡು, ಹದಿಮೂರರ ಹುಡುಗಿಯರು. ಒಂದು ದಿನ ಒಬ್ಬಳು ನನ್ನ ಕಿವಿಯ ಹತ್ತಿರ ಬಂದು, ಪ್ರತಿ ತಿಂಗಳು ಇದು ಯಾಕೆ ಬರುತ್ತದೆ ಎಂದು ಕೇಳಿದಳು. ಮನೆಯಲ್ಲಿ ಕೇಳಿದರೆ, "ಶಾಲೆಯಲ್ಲಿ ಹೇಳುತ್ತಾರೆ." ಶಾಲೆಯಲ್ಲಿ ಕೇಳಿದರೆ, "ಮನೆಯಲ್ಲಿ ಕೇಳಿ."

ನನ್ನ ಕಾಲದಲ್ಲೂ ಹಾಗೆಯೇ. ಟೀಚರು ಆ ಪಾಠ ಬಂದಾಗ ಎರಡು ಹಾಳೆ ಒಟ್ಟಿಗೆ ಮಗುಚಿ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದಿದ್ದರು. ಮನೆಯಲ್ಲಿ ಅಮ್ಮ ಪುಸ್ತಕವನ್ನೇ ಎತ್ತಿಟ್ಟಿದ್ದಳು. ನಾನು ಪಾಸಾದದ್ದು ಆ ಪಾಠ ಬಿಟ್ಟೇ.

ಬಾಗಿಲು ಹಾಕಿದೆ. ಏಳು ಮಂದಿ ಒಂದು ಪರದೆಯ ಮುಂದೆ ಕೂತು, ಚಿತ್ರ ಸಮೇತ, ಆರಂಭದಿಂದ ಓದಿದೆವು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ನನಗೆ ಅನುಭವ ಇತ್ತು. ಒಟ್ಟಿಗೆ ಸೇರಿ ಒಬ್ಬ ಪೂರ್ತಿ ಟೀಚರ್ ಆದೆವು.

ಅರ್ಧದಲ್ಲಿ ದಬದಬ ಬಾಗಿಲು. ಕಾಕಾ. "ಬಾಗಿಲು ಹಾಕಿ ಮಕ್ಕಳಿಗೆ ಏನು ತೋರಿಸುತ್ತಿದ್ದೀರಿ? ಸೆಕ್ರೆಟರಿಯಾಗಿ ನನಗೆ ತಿಳಿಯಬೇಕು."

ನಾನು ಬಾಗಿಲನ್ನು ಪೂರ್ತಿ ತೆರೆದು ಒಂದು ಸ್ಟೂಲ್ ಎಳೆದಿಟ್ಟೆ. "ತಿಂಗಳ ಮುಟ್ಟಿನ ಪಾಠ. ನಿಮಗೂ ಶಾಲೆಯಲ್ಲಿ ಮಾಡಿರಲಿಕ್ಕಿಲ್ಲ. ಬನ್ನಿ ಕಾಕಾ, ಕೂತುಕೊಳ್ಳಿ. ಮೊದಲಿನಿಂದ ಓದುತ್ತೇವೆ."

ಕಾಕಾ ಅಷ್ಟು ಬೇಗ ಮೆಟ್ಟಿಲು ಹತ್ತಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಅವರ ಒಂದು ಚಪ್ಪಲಿ ಸಂಜೆಯವರೆಗೆ ನಮ್ಮ ಬಾಗಿಲಲ್ಲೇ ಇತ್ತು.

೬. ಠಾಣೆಯ ಭಾಷಣ

ಕಾಕಾ ಸುಮ್ಮನೆ ಕೂರುವವರಲ್ಲ. ಪಕ್ಕದ ಠಾಣೆ ಪಟ್ಟಣದಿಂದ ಒಬ್ಬ ದೊಡ್ಡ ಭಾಷಣಕಾರರನ್ನು ಕರೆಸಿದರು. ವಿಷಯ: ಮಕ್ಕಳನ್ನು ಪರದೆಯಿಂದ ಕಾಪಾಡುವುದು ಹೇಗೆ. ಗೋಡೆಯ ಮೇಲೆ ಬಿಳಿ ಬಟ್ಟೆ ಕಟ್ಟಿ ಎರಡು ಗಂಟೆ ಚಿತ್ರ ತೋರಿಸಿದರು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ನೋಡಬಾರದು ಎಂಬುದು ಎರಡನೆಯ ಗಂಟೆಯಲ್ಲಿ ಬಂತು.

"ತಂದೆತಾಯಿಗಳು ಮಕ್ಕಳ ಜೊತೆ ಮಾತಾಡಬೇಕು, ಒಬ್ಬರನ್ನೊಬ್ಬರು ತಿಳಿದುಕೊಳ್ಳಬೇಕು" ಎನ್ನುತ್ತಿದ್ದ ಹಾಗೆ ಅವರ ಫೋನ್ ಹೊಡೆದುಕೊಂಡಿತು. ಮನೆಯಿಂದ ಮಗ. ಕೈಯಲ್ಲಿ ಮೈಕ್ ಇರುವುದನ್ನು ಮರೆತು ಪಿಸುಗುಟ್ಟಿದರು. ಪಿಸುಮಾತು ಗೇಟಿನವರೆಗೆ ಕೇಳಿಸಿತು.

"ಲ್ಯಾಪ್‌ಟಾಪಿನ ಪಾಸ್‌ವರ್ಡಾ? ಮಮ್ಮಿಯ ಹುಟ್ಟಿದ ದಿನ... ಯಾವ ದಿನವಾ? ಯಾವ ದಿನ ಅಂದರೆ... ನೀನು ಮಮ್ಮಿಯನ್ನೇ ಕೇಳು!"

ಉತ್ತರ ಯಾರದೋ ಅವರನ್ನೇ ಕೇಳಬೇಕೆಂಬ ನಮ್ಮ ನಿಯಮವನ್ನು ಹಿಂದಿನ ಸಾಲಿನಿಂದ ನನ್ನ ಶಿಷ್ಯನೊಬ್ಬ ಜೋರಾಗಿ ಹೇಳಿದ: "ನಿಯಮ ಕರೆಕ್ಟ್ ಹೈ ಆಂಟಿ! ಜಿಸ್ ಕಾ ಆನ್ಸರ್, ಉಸೀ ಕೋ ಪೂಛೋ!"

೭. ವಾರ್ಷಿಕ ಸಭೆ

ಆ ದಿನ ಬಂತು. ಅದರ ಹಿಂದಿನ ವಾರ ಒಂದು ಸಣ್ಣ ಘಟನೆ ನಡೆದಿತ್ತು. ನಾನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಕುಕ್ಕರ್ ಕೂಗುತ್ತಿತ್ತು, ಹಾಲು ಉಕ್ಕುತ್ತಿತ್ತು, ಬಾಗಿಲಲ್ಲಿ ನಾಲ್ಕು ಮಕ್ಕಳು ನೋಟ್‌ಬುಕ್ ಹಿಡಿದು ಏನೋ ಕೇಳುತ್ತಿದ್ದವು. ನಾನು ಒಳಗಿನಿಂದಲೇ ಗದರಿದೆ. ಅವು ಏನನ್ನೋ ಬರೆದುಕೊಂಡು, "ಥ್ಯಾಂಕ್ಯೂ ಆಂಟಿ" ಎಂದು ಹೋದವು.

ಸಭೆಯ ದಿನ ಎಲ್ಲರಿಗೂ ಅವಲಕ್ಕಿಯ ಪೋಹೆ, ಚಾ ನನ್ನ ಪಾಲಿಗೆ ಬಂದಿತ್ತು. ಪಾಸ್‌ವರ್ಡ್ ಹಾಕುವುದನ್ನು ಮಕ್ಕಳಿಗೇ ಬಿಟ್ಟೆ. ಆರು ಗಂಟೆಗೆ ಕಾಕಾ, ಕಾಕಾನ ಹೆಂಡತಿ, ಹೋಟೆಲ್ ಅಣ್ಣ, ಮೂರನೆಯ ಮಾಳಿಗೆಯ ಅಜ್ಜಿ, ನಮ್ಮವರು, ಎಲ್ಲ ಕೋಣೆಯೊಳಗೆ ತುಂಬಿದರು. ಜಾಗ ಸಿಗದವರು ಕಿಟಕಿಯಲ್ಲಿ. ಹೊರಗೆ ಮಂಟಪದ ಕಂಬಗಳನ್ನು ಕಾಕಾ ಮೊದಲೇ ಒರೆಸಿ ಸಾಲಾಗಿ ನಿಲ್ಲಿಸಿದ್ದರು.

"ಹಾಂ, ತೋರಿಸಿ. ವರ್ಷವಿಡೀ ಏನು ಕಲಿಸಿದಿರಿ?"

ಮಗಳು ಕಂಪ್ಯೂಟರ್ ಹಚ್ಚಿದಳು. ಪಾಸ್‌ವರ್ಡ್ ಕೇಳಿತು. ನಾನು ಸುಮ್ಮನೆ ಏನೋ ಒಂದು ಹೊಡೆದೆ, ಸುಳಿವು ಬರಲೆಂದು. ಬಂತು: "ಆಂಟೀ ಕೋ ಕ್ಯಾ ಬನ್‌ನಾ ಥಾ?"

ಆಂಟಿಗೆ ಏನಾಗಬೇಕಿತ್ತು?

"ಇದೆಂತ ಪ್ರಶ್ನೆ? ಉತ್ತರ ಹೇಳೇ" ಎಂದೆ ಮಗಳಿಗೆ.

"ನಿಯಮ, ಮಮ್ಮಿ. ಸಿಕ್ಕಿದವರು ಹೇಳಬಾರದು. ಜಿಸ್ ಕಾ ಆನ್ಸರ್, ಉಸೀ ಕೋ ಪೂಛೋ." ಒಂಬತ್ತೂ ಬಾಯಿಗೆ ಬೀಗ.

ಟೀಚರ್ ಎಂದು ಹೊಡೆದೆ. ಇಲ್ಲ. ನರ್ಸ್. ಇಲ್ಲ. ಹೋಟೆಲ್ ಅಣ್ಣ, "ಡಾಕ್ಟರ್ ಹಾಕಿ ನೋಡಮ್ಮ, ನಮ್ಮ ಊರಿನಲ್ಲಿ ಎಲ್ಲರಿಗೂ ಅದೇ ಆಗಬೇಕಿತ್ತು" ಎಂದರು. ಇಲ್ಲ. ಅಜ್ಜಿ, "ಪುಂಡಿ ಹಾಕಿ ನೋಡು" ಎಂದರು. ನಮ್ಮವರು ಸಂಕೋಚದಿಂದ, "ನನ್ನ ಹೆಂಡತಿ ಆಗಬೇಕಿತ್ತೋ ಏನೋ" ಎಂದು ತಮ್ಮ ಹೆಸರನ್ನೇ ಹೊಡೆಸಿದರು. ಕಂಪ್ಯೂಟರ್ ಅದನ್ನೂ ತಳ್ಳಿಹಾಕಿತು. ಕಿಟಕಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಕಾಕಾನ ಮುಖ ಅರಳಿತು. "ತಮಗೆ ಏನಾಗಬೇಕಿತ್ತೆಂದು ತಮಗೇ ಗೊತ್ತಿಲ್ಲ. ಇವರು ನಮ್ಮ ಮಕ್ಕಳಿಗೆ ದಾರಿ ತೋರಿಸುತ್ತಾರೆ! ಹತ್ತನೇ ಕ್ಲಾಸಿನವರ ಕೈಗೆ ಬೀಗದ ಕೈ ಕೊಟ್ಟರೆ ಹೀಗೇ ಆಗುವುದು. ನಾನು ಮೊದಲೇ ಹೇಳಿದ್ದೆ, ಹೇಳುತ್ತಲೇ ಬಂದಿದ್ದೇನೆ..."

ನನ್ನ ನೆತ್ತಿ ಸುಟ್ಟಿತು. ಹಿಂದಿ, ಮರಾಠಿ ಎಲ್ಲ ಮರೆತುಹೋಯಿತು. ಮೇಜಿನ ಮೇಲೆ ಕೈ ಬಡಿದು ಕನ್ನಡದಲ್ಲೇ ಕಿರುಚಿದೆ:

"ಸಾಕು!"

ಒಂಬತ್ತು ಮಕ್ಕಳು ಒಟ್ಟಿಗೆ ಕುಣಿದವು. "ಕರೆಕ್ಟ್! ಕರೆಕ್ಟ್ ಆನ್ಸರ್!" ಮಗಳು ಹೊಡೆದಳು: ಸಾಕು. ಕಂಪ್ಯೂಟರ್ ತೆರೆದುಕೊಂಡಿತು.

ಕುಕ್ಕರ್ ಕೂಗುವಾಗ ಅವು ಕೇಳಿದ್ದು ಇದನ್ನೇ. ನಾನು ಗದರಿದ್ದೂ ಇದನ್ನೇ. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕೆಂದು ನಿಯಮ ಮಾಡಿದವಳು ನಾನು.

ಪರದೆಯ ಮೇಲೆ ಒಂದು ಉದ್ದದ ಪಟ್ಟಿ. ಮಕ್ಕಳು ಎಪ್ಪತ್ತೆರಡು ಮೆಟ್ಟಿಲು ಹತ್ತಿ ಇಳಿದು, ಎರಡೂ ವಿಂಗಿನ ದೊಡ್ಡವರನ್ನೆಲ್ಲ ಕೂರಿಸಿ ಕೇಳಿ ಬರೆದದ್ದು, ಪ್ರತಿಯೊಬ್ಬರ ಚಿಕ್ಕಂದಿನ ಆಸೆ. ಹೋಟೆಲ್ ಅಣ್ಣನಿಗೆ ಯಕ್ಷಗಾನದ ಭಾಗವತ. ಅಜ್ಜಿಗೆ ಬಸ್ ಕಂಡಕ್ಟರ್. ವಾಚ್‌ಮನ್‌ಗೆ ಪೈಲ್ವಾನ್. ಕೆಳಗೆ ಕಾಕಾನ ಹೆಸರು, ಎದುರಿಗೆ: ತಬಲಾ.

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಹೆಂಡತಿ ಪರದೆಯನ್ನೂ ಗಂಡನನ್ನೂ ನೋಡಿದರು.

"ತಬಲಾ? ಮೂವತ್ತೆಂಟು ವರ್ಷ ಒಂದೇ ತಟ್ಟೆಯಲ್ಲಿ ಉಂಡೆವು. ನನಗೆ ಒಂದು ದಿನ ಹೇಳಲಿಲ್ಲ, ಈ ಮಕ್ಕಳಿಗೆ ಹೇಳಿದಿರಾ?"

"ಅವರು ಕೇಳಿದರು" ಎಂದರು ಕಾಕಾ, ಸಣ್ಣ ದನಿಯಲ್ಲಿ.

ಆಮೇಲೆ ಯಾರೂ ಕೈ ಎತ್ತುವ ಅಗತ್ಯ ಬೀಳಲಿಲ್ಲ. ಮಂಟಪದ ಕಂಬಗಳನ್ನು ಕಾಕಾ ತಾವೇ ಹೊತ್ತು ತಮ್ಮ ಮನೆಯ ಅಟ್ಟಕ್ಕೆ ಸಾಗಿಸಿದರು. ಬೀಗದ ಕೈ ನನ್ನಲ್ಲೇ ಉಳಿಯಿತು.

ಎಲ್ಲ ಹೋದ ಮೇಲೆ ಪೋಹೆಯ ತಟ್ಟೆ ಎತ್ತುತ್ತಿದ್ದೆ. ಮಗಳು ಇನ್ನೂ ಪರದೆಯ ಮುಂದೆ ಕೂತಿದ್ದಳು. ಪಟ್ಟಿಯಲ್ಲಿ ನನ್ನ ಹೆಸರಿನ ಎದುರಿಗೆ ಇದ್ದ "ಸಾಕು" ಎಂಬುದನ್ನು ಒಂದೊಂದೇ ಅಕ್ಷರ ಅಳಿಸಿ, ಖಾಲಿ ಜಾಗದಲ್ಲಿ ಬೆರಳಿಟ್ಟು ಕಾದಳು. ಹುಟ್ಟಿದಾಗಿನಿಂದ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಟ್ಟವಳು, ಅವತ್ತು ಕನ್ನಡದಲ್ಲಿ ಕೇಳಿದಳು.

"ಅಮ್ಮ, ಈಗ ಕುಕ್ಕರ್ ಕೂಗುತ್ತಾ ಇಲ್ಲ. ನಿಜವಾಗಿ ಹೇಳು, ನಿನಗೆ ಏನಾಗಬೇಕಿತ್ತು?"